ಆಫ್ ಮಾಡಿದರೂ ಎಚ್ಚರವಿರುವ ಯಂತ್ರ

ಸಂಜೆ ಐದೂವರೆ ದಾಟಿದ ಮೇಲೆ ಔರಾದಿನ ಯಾವುದೋ ಕಚೇರಿಯಲ್ಲಿ, ಭಾಲ್ಕಿಯ ಯಾವುದೋ ಸಹಕಾರ ಸಂಘದಲ್ಲಿ ಗುಮಾಸ್ತರು ಕಂಪ್ಯೂಟರ್ ಬಂದ್ ಮಾಡುತ್ತಾರೆ, ಪರದೆ ಕಪ್ಪಾದದ್ದನ್ನು ನೋಡಿ ಬಾಗಿಲಿಗೆ ಬೀಗ ಹಾಕಿ ಬಸ್ಸು ಹಿಡಿಯುತ್ತಾರೆ. ಗೋಡೆಯ ಸ್ವಿಚ್ ಆರಿಸದೆ ಬಿಟ್ಟಿದ್ದರೆ, ಡಬ್ಬಿಯ ಬೆನ್ನಿಗೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿರುವ ಜಾಗದಲ್ಲಿ ಒಂದು ಪುಟ್ಟ ಹಸಿರು ದೀಪ ಆಮೇಲೂ ಮಿಣುಕುತ್ತಿರಬಹುದು. ಹಾಗೆ ಮಿಣುಕಿದ ಮಾತ್ರಕ್ಕೆ ಕೇಡು ಸಂಭವಿಸಿತು ಎಂದು ಹೆದರಬೇಕಿಲ್ಲ. ಆದರೆ ನಾವು ‘ಆಫ್’ ಎಂದು ಕರೆಯುವ ಸ್ಥಿತಿಯಲ್ಲೂ ಯಂತ್ರದ ಒಂದು ಭಾಗ ಎಚ್ಚರವಿದ್ದು, ಕೇಬಲ್ಲಿನ ಆ ತುದಿಯಿಂದ ಬರಬಹುದಾದ ಕರೆಗೆ ಕಿವಿಗೊಟ್ಟು ಕೂತಿದೆ ಎಂಬುದರ ಗುರುತು ಅದು. ಕರೆ ಬಂದರೆ ಯಂತ್ರ ತಾನಾಗಿ ಎದ್ದು ಕೂರಬಲ್ಲದು. ಕಚೇರಿ ಬಳಕೆಗೆಂದೇ ತಯಾರಾದ ಹಲವು ಮಾದರಿಗಳಲ್ಲಿ ಇನ್ನೂ ಹೆಚ್ಚಿನದು ಸಾಧ್ಯ: ದೂರದಲ್ಲಿ ಕೂತವರು ಅದರ ಪರದೆಯನ್ನು ನೋಡಬಹುದು, ಕೀಲಿಮಣೆ ಒತ್ತಿದಂತೆ ಅಕ್ಷರ ಕಳಿಸಬಹುದು, ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಬಹುದು. ಇದು ಯಾರೋ ಕದ್ದುಮುಚ್ಚಿ ಸೇರಿಸಿದ ಗುಣವೂ ಅಲ್ಲ. ತಯಾರಕರು ಬೆಲೆ ಕಟ್ಟಿ, ಜಾಹೀರಾತು ಕೊಟ್ಟು ಮಾರುವ ಸೌಲಭ್ಯ. ಕೊಂಡ ಕಚೇರಿಗೆ ಅದು ತನ್ನ ಮೇಜಿನ ಮೇಲಿದೆ ಎಂಬುದೇ ಗೊತ್ತಿಲ್ಲದಿರುವುದು ಈ ಬರಹದ ಚಿಂತೆ.

ಒಳರಚನೆ ಸ್ವಲ್ಪ ತಿಳಿದರೆ ಮುಂದಿನ ಮಾತು ಸುಲಭ. ಇಂಟೆಲ್ ಕಂಪನಿ 2006ರಿಂದ ‘ವಿ-ಪ್ರೊ’ ಎಂಬ ಹೆಸರಿನಲ್ಲಿ ಕಚೇರಿಗಳಿಗೆಂದು ಕಂಪ್ಯೂಟರ್ ಚಿಪ್‌ಗಳನ್ನು ಮಾರುತ್ತಿದೆ. ಅವುಗಳಲ್ಲಿರುವ ‘ಆಕ್ಟಿವ್ ಮ್ಯಾನೇಜ್‌ಮೆಂಟ್ ಟೆಕ್ನಾಲಜಿ’, ಚಿಕ್ಕದಾಗಿ ಎಎಂಟಿ, ದೂರನಿರ್ವಹಣೆಯ ಸೌಲಭ್ಯ. ಅದು ಓಡುವುದು ನಾವು ದುಡ್ಡು ಕೊಟ್ಟು ಕೊಂಡ ಮುಖ್ಯ ಪ್ರೊಸೆಸರಿನಲ್ಲಲ್ಲ. ಚಿಪ್‌ಸೆಟ್ ಒಳಗೆ ಅಡಗಿರುವ ಇನ್ನೊಂದು ಪುಟ್ಟ ಪ್ರೊಸೆಸರಿನಲ್ಲಿ. ಅದರ ಹೆಸರು ಮ್ಯಾನೇಜ್‌ಮೆಂಟ್ ಎಂಜಿನ್. ಅದಕ್ಕೆ ತನ್ನದೇ ಫರ್ಮ್‌ವೇರ್, ಅಂದರೆ ಚಿಪ್ಪಿನಲ್ಲೇ ಬರೆದಿಟ್ಟ ತಂತ್ರಾಂಶ ಇದೆ, ತನ್ನದೇ ಆಪರೇಟಿಂಗ್ ಸಿಸ್ಟಮ್ ಇದೆ, ನೆಟ್‌ವರ್ಕಿಗೆ ತನ್ನದೇ ದಾರಿ ಇದೆ. 2015ರ ಈಚಿನ ಚಿಪ್‌ಗಳಲ್ಲಿ ಆ ಆಪರೇಟಿಂಗ್ ಸಿಸ್ಟಮ್ ಮಿನಿಕ್ಸ್. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ವಿದ್ಯಾರ್ಥಿಗಳಿಗೆ ಕಲಿಸಲೆಂದು ಆರಂಭಿಸಿದ್ದು. ತಮ್ಮ ಕೃತಿ ಇಷ್ಟೊಂದು ಕಂಪ್ಯೂಟರುಗಳ ಹೊಟ್ಟೆಯೊಳಗೆ ಓಡುತ್ತಿದೆ ಎಂಬುದು ಅವರಿಗೇ 2017ರಲ್ಲಿ ಸುದ್ದಿಯಿಂದ ತಿಳಿಯಿತು. ಮೊದಲೇ ಒಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತು ಎಂದು ಅವರು ಇಂಟೆಲ್ ಮುಖ್ಯಸ್ಥರಿಗೆ ಬಹಿರಂಗ ಪತ್ರ ಬರೆದರು. ಬರೆದವರಿಗೇ ತಿಳಿಯದ್ದು ಬಳಸುವವರಿಗೆ ತಿಳಿದೀತು ಎಂದು ನಿರೀಕ್ಷಿಸುವುದು ಕಷ್ಟ. ಇನ್ನು ಸರ್ವರ್‌ಗಳಲ್ಲಿ ಇದೇ ಕೆಲಸಕ್ಕೆ ಪ್ರತ್ಯೇಕ ಚಿಪ್ಪೇ ಇರುತ್ತದೆ. ಅದನ್ನು ಬಿಎಂಸಿ ಅನ್ನುತ್ತಾರೆ. ಡೆಲ್ ಅದನ್ನು ಐಡ್ರಾಕ್ ಎಂದು ಕರೆದರೆ ಎಚ್‌ಪಿ ಐಎಲ್‌ಒ ಎನ್ನುತ್ತದೆ. ಅನೇಕ ಸರ್ವರ್‌ಗಳ ಹಿಂದೆ ಅದಕ್ಕೆಂದೇ ಬೇರೆ ನೆಟ್‌ವರ್ಕ್ ಕಿಂಡಿಯೂ ಇರುತ್ತದೆ.

ಇಂಥದ್ದನ್ನು ಯಾಕೆ ಮಾಡಿದರು ಎಂದು ಕೇಳಿದರೆ ಉತ್ತರಕ್ಕೆ ಬೀದರ್ ಜಿಲ್ಲೆಯ ನಕಾಶೆ ಸಾಕು. ಬೀದರ್ ನಗರದಿಂದ ಭಾಲ್ಕಿಗೂ ಔರಾದಿಗೂ ಹೆಚ್ಚುಕಡಿಮೆ 40 ಕಿಲೋಮೀಟರ್. ಬೆಂಗಳೂರಿಗೆ ಸುಮಾರು 700. ತಾಲ್ಲೂಕು ಕಚೇರಿಯ ಯಂತ್ರವೊಂದು ಕೈಕೊಟ್ಟರೆ, ಬರಿಯ ಒಂದು ಬಟನ್ ಒತ್ತುವುದಕ್ಕಾಗಿ ತಂತ್ರಜ್ಞ ಅಷ್ಟು ದೂರ ಬರಬೇಕು. ಅವರು ಬರುವವರೆಗೆ ಪಹಣಿಗೆ, ಜಾತಿ ಆದಾಯ ಪ್ರಮಾಣಪತ್ರಕ್ಕೆ ಬಂದ ರೈತ ‘ಸರ್ವರ್ ಇಲ್ಲ’ ಎಂಬ ಮಾತು ಕೇಳಿಸಿಕೊಂಡು ಊರಿಗೆ ಮರಳಬೇಕು. ಸಂತಪುರದಿಂದಲೋ ಕಮಲನಗರದಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವನಿಗೆ ಆ ಎರಡು ಪದಗಳ ಬೆಲೆ ಏನೆಂದು ಗೊತ್ತು. ದೂರದಿಂದಲೇ ಯಂತ್ರವನ್ನು ಎಬ್ಬಿಸಿ, ದೋಷ ನೋಡಿ, ಸರಿಪಡಿಸಬಲ್ಲ ಸೌಲಭ್ಯ ಇಂಥ ಊರುಗಳಿಗೆ ನಿಜವಾದ ಉಪಕಾರ. ಈ ಸೌಲಭ್ಯವನ್ನು ಬೈಯುವವರಲ್ಲಿ ಅನೇಕರು ದೊಡ್ಡ ನಗರದಲ್ಲಿ, ಕೂಗಳತೆಯಲ್ಲಿ ತಂತ್ರಜ್ಞ ಸಿಗುವ ಕಡೆ ಕೂತವರು ಎಂಬುದನ್ನೂ ಹೇಳಬೇಕು.

ನನ್ನ ವಾದ ಹುಟ್ಟುವುದು ಅಲ್ಲಿಂದಲೇ. ಯಾವ ದೂರದಿಂದಾಗಿ ಈ ಸೌಲಭ್ಯ ಬೇಕಾಯಿತೋ ಅದೇ ದೂರ ಅದರ ಅಪಾಯವನ್ನೂ ಹೆಚ್ಚಿಸುತ್ತದೆ. ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಬಿಎಂಸಿಯ ಗುಪ್ತಪದ ಯಾರ ಬಳಿಯಿದೆ, ಫರ್ಮ್‌ವೇರ್ ಯಾವ ತಿಂಗಳದ್ದು, ನಿನ್ನೆ ರಾತ್ರಿ ಯಾರು ಒಳಬಂದರು ಎಂದು ನೋಡಲು ಸಂಬಳ ಪಡೆಯುವ ಜನ ಇರುತ್ತಾರೆ. ತಾಲ್ಲೂಕಿನಲ್ಲಿ ಯಂತ್ರ ಬರುತ್ತದೆ, ಪೆಟ್ಟಿಗೆ ಬಿಚ್ಚುತ್ತಾರೆ, ಪರದೆ ಹೊತ್ತಿದರೆ ಸಹಿ ಹಾಕಿ ಸ್ವೀಕರಿಸುತ್ತಾರೆ. ಅದರ ಒಳಮನೆಯ ಕೀಲಿ ಸರಬರಾಜುದಾರರ ಬಳಿ ಉಳಿಯಿತೋ, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವೇ ಮುಂದುವರಿಯಿತೋ, ಯಾರೂ ಕೇಳುವುದಿಲ್ಲ. ಕೇಳಬೇಕು ಎಂದು ಅವರಿಗೆ ಯಾರೂ ಹೇಳಿಯೂ ಇಲ್ಲ. ಹೀಗಾಗಿ ಈ ಸೌಲಭ್ಯ ಎಲ್ಲಿ ಅತ್ಯಂತ ಅಗತ್ಯವೋ ಅಲ್ಲಿಯೇ ಅದರ ಮೇಲೆ ಅತ್ಯಂತ ಕಡಿಮೆ ಕಣ್ಣಿದೆ.

ಕೇವಲ ಊಹೆಯ ಮೇಲೆ ಈ ಮಾತು ಹೇಳುತ್ತಿಲ್ಲ. 2017ರ ಮೇ 1ರಂದು ಇಂಟೆಲ್ ಒಂದು ದೋಷವನ್ನು ಒಪ್ಪಿಕೊಂಡಿತು. 2010ರ ಸುಮಾರಿನಿಂದ ಮಾರಾಟವಾದ, ಎಎಂಟಿ ಇರುವ ಕಚೇರಿ ಕಂಪ್ಯೂಟರುಗಳಲ್ಲಿ ಏಳು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿದ್ದ ದೋಷ ಅದು. ಅದರ ಸ್ವರೂಪ ಎಷ್ಟು ಸರಳವೆಂದರೆ ಶಾಲೆಯ ಮಕ್ಕಳಿಗೂ ವಿವರಿಸಬಹುದು. ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ ಎನ್ನಿ. ಬಂದವರು ಗುಪ್ತಪದ ಹೇಳಬೇಕು, ಅವನು ತನ್ನ ಚೀಟಿಯ ಜೊತೆ ಹೋಲಿಸಬೇಕು. ಆದರೆ ಅವನಿಗೆ ಕೊಟ್ಟ ಆಜ್ಞೆ ಹೀಗಿದೆ: ಬಂದವರು ಎಷ್ಟು ಅಕ್ಷರ ಹೇಳುತ್ತಾರೋ ಅಷ್ಟನ್ನು ಮಾತ್ರ ಹೋಲಿಸು. ಹತ್ತು ಅಕ್ಷರ ಹೇಳಿದರೆ ಹತ್ತನ್ನು, ಮೂರು ಹೇಳಿದರೆ ಮೂರನ್ನು. ಒಬ್ಬ ಬಂದು ಬಾಯಿಯೇ ತೆರೆಯದೆ ನಿಂತ. ಹೋಲಿಸಬೇಕಾದ ಅಕ್ಷರ ಸೊನ್ನೆ, ತಾಳೆಯಾಗದ ಅಕ್ಷರವೂ ಸೊನ್ನೆ. ಕಾವಲುಗಾರ ಬಾಗಿಲು ತೆರೆದ. ‘ಅಡ್ಮಿನ್’ ಎಂಬ ಹೆಸರು ಕೊಟ್ಟು, ಗುಪ್ತಪದದಿಂದ ಲೆಕ್ಕ ಹಾಕಿ ಕಳಿಸಬೇಕಿದ್ದ ಉತ್ತರವನ್ನು ಖಾಲಿ ಬಿಟ್ಟರೆ ಯಂತ್ರದ ಪೂರ್ಣ ಅಧಿಕಾರ ಸಿಗುತ್ತಿತ್ತು. ತಿದ್ದುಪಡಿಯನ್ನು ಇಂಟೆಲ್ ಕೊಟ್ಟಿತು, ನಿಜ. ಆದರೆ ಅದನ್ನು ಪ್ರತಿಯೊಬ್ಬ ಕಂಪ್ಯೂಟರ್ ತಯಾರಕರೂ ತಮ್ಮ ತಮ್ಮ ಮಾದರಿಗೆ ಹೊಂದಿಸಿ ಹೊರತರಬೇಕಿತ್ತು, ಆಮೇಲೆ ಪ್ರತಿ ಕಚೇರಿಯೂ ಅದನ್ನು ಹುಡುಕಿ ಹಾಕಿಕೊಳ್ಳಬೇಕಿತ್ತು. ಫರ್ಮ್‌ವೇರ್ ಎಂಬ ಪದವೇ ಹೊಸದಾಗಿರುವ ಕಡೆ ಆ ಎರಡನೆಯ ಕೆಲಸ ಎಷ್ಟರಮಟ್ಟಿಗೆ ನಡೆದೀತು?

ಅದೇ ವರ್ಷ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಇನ್ನೊಂದು ಸಂಗತಿ ಬಯಲು ಮಾಡಿತು. ‘ಪ್ಲಾಟಿನಂ’ ಎಂದು ಅದು ಹೆಸರಿಟ್ಟಿರುವ, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಸಂಸ್ಥೆಗಳ ಬೆನ್ನುಬಿದ್ದ ಒಂದು ಬೇಹುಗಾರ ಗುಂಪು, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತ ಸಾಗಿಸಲು ಎಎಂಟಿಯ ದಾರಿಯನ್ನೇ ಬಳಸುತ್ತಿತ್ತು. ಇಲ್ಲಿ ಯಾವ ದೋಷವನ್ನೂ ಬಳಸಿರಲಿಲ್ಲ. ಸೌಲಭ್ಯ ಹೇಗಿರಬೇಕೋ ಹಾಗೆಯೇ ಕೆಲಸ ಮಾಡುತ್ತಿತ್ತು. ಮಾಹಿತಿ ವಿಂಡೋಸನ್ನು ಮುಟ್ಟದೆ ಕೆಳಗಿನಿಂದಲೇ ಹೋಗುತ್ತಿದ್ದುದರಿಂದ ವಿಂಡೋಸಿನ ಫೈರ್‌ವಾಲ್‌ಗೆ ಅದು ಕಾಣುತ್ತಲೇ ಇರಲಿಲ್ಲ. ಮುಂದಿನ ಜನವರಿಯಲ್ಲಿ ಫಿನ್ಲೆಂಡಿನ ಎಫ್-ಸೆಕ್ಯೂರ್ ಸಂಸ್ಥೆ ಮತ್ತೊಂದನ್ನು ತೋರಿಸಿತು: ಎಎಂಟಿಯ ಮೂಲ ಗುಪ್ತಪದವನ್ನು ಬದಲಿಸದ ಲ್ಯಾಪ್‌ಟಾಪ್ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಅಪರಿಚಿತರ ಕೈಗೆ ಸಿಕ್ಕರೂ ಸಾಕು, ಅವರು ಅದನ್ನು ಮುಂದೆ ದೂರದಿಂದ ಹಿಡಿತಕ್ಕೆ ತೆಗೆದುಕೊಳ್ಳುವಂತೆ ಸಿದ್ಧಗೊಳಿಸಿ ಇಡಬಹುದು. ಬಯೋಸ್‌ಗೆ ಗುಪ್ತಪದ ಹಾಕಿದ್ದರೂ ಅದು ಅಡ್ಡಿಯಾಗುವುದಿಲ್ಲ. ಆ ಮೂಲ ಗುಪ್ತಪದವೂ ‘ಅಡ್ಮಿನ್’ ಎಂಬುದೇ.

ಸರ್ವರ್‌ಗಳ ಲೋಕ ಇನ್ನೂ ಕಳವಳಕಾರಿ. ಎಚ್‌ಪಿಯ ಐಎಲ್‌ಒ 4ರಲ್ಲಿ 2017ರಲ್ಲಿ ಪತ್ತೆಯಾದ ದೋಷಕ್ಕೆ ಬೇಕಿದ್ದದ್ದು ಇಂಗ್ಲಿಷಿನ ‘ಎ’ ಅಕ್ಷರವನ್ನು 29 ಸಲ ಬರೆದು ಕಳಿಸುವುದು ಮಾತ್ರ. ಗುಪ್ತಪದದ ಪರೀಕ್ಷೆಯೇ ತಪ್ಪಿಹೋಗುತ್ತಿತ್ತು. 2018ರ ಕೊನೆಯಲ್ಲಿ ‘ಜಂಗಲ್‌ಸೆಕ್’ ಎಂಬ ಸುಲಿಗೆ ತಂತ್ರಾಂಶವನ್ನು ಸರ್ವರ್‌ಗಳಿಗೆ ಇಳಿಸಿದ್ದು ಇದೇ ದೂರನಿರ್ವಹಣೆಯ ಕಿಂಡಿಯ ಮೂಲಕ. 2021ರ ಡಿಸೆಂಬರಿನಲ್ಲಿ ಇರಾನಿನ ಒಂದು ಭದ್ರತಾ ಸಂಸ್ಥೆ ವಿವರಿಸಿದ ಪ್ರಕರಣ ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳುವಂಥದ್ದು. ಐಎಲ್‌ಒ ಒಳಗೆ ನೆಲೆಯೂರಿದ್ದ ಕುತಂತ್ರಾಂಶವೊಂದು ಸರ್ವರಿನ ಡಿಸ್ಕನ್ನು ಅಳಿಸುತ್ತಿತ್ತು. ನಿರ್ವಾಹಕರು ಆಪರೇಟಿಂಗ್ ಸಿಸ್ಟಮ್ ಮತ್ತೆ ಹಾಕಿದರೆ ಸ್ವಲ್ಪ ಕಾಲದ ನಂತರ ಮತ್ತೆ ಅಳಿಸುತ್ತಿತ್ತು. ಫರ್ಮ್‌ವೇರ್ ಹೊಸದು ಹಾಕಲು ಹೊರಟರೆ, ಹಾಕಿದಂತೆ ನಟಿಸಿ, ಹೊಸ ಆವೃತ್ತಿಯ ಸಂಖ್ಯೆಯನ್ನೇ ತೆರೆಯ ಮೇಲೆ ತೋರಿಸಿ, ಹಳೆಯದನ್ನೇ ಉಳಿಸಿಕೊಳ್ಳುತ್ತಿತ್ತು. ಯಂತ್ರವನ್ನು ಪರೀಕ್ಷಿಸಲು ನಾವು ಯಂತ್ರವನ್ನೇ ಕೇಳಬೇಕಾದಾಗ, ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಇದು ಹಳೆಯ ಕತೆಯಾಗಿ ಮುಗಿದಿಲ್ಲ. ಅನೇಕ ತಯಾರಕರ ಸರ್ವರ್‌ಗಳಲ್ಲಿ ಬಳಕೆಯಾಗುವ ಎಎಂಐ ಕಂಪನಿಯ ಮೆಗಾರ್ಯಾಕ್ ತಂತ್ರಾಂಶದಲ್ಲಿ ಗುಪ್ತಪದವೇ ಇಲ್ಲದೆ ಒಳನುಗ್ಗಬಹುದಾದ ದೋಷ 2025ರ ಮಾರ್ಚಿನಲ್ಲಿ ಬಹಿರಂಗವಾಯಿತು. ತೀವ್ರತೆಯ ಅಳತೆಯಲ್ಲಿ ಅದಕ್ಕೆ 10ಕ್ಕೆ 10. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಇಲಾಖೆ, ದುರುಳರು ವಾಸ್ತವದಲ್ಲಿ ಬಳಸುತ್ತಿರುವ ದೋಷಗಳ ತನ್ನ ಪಟ್ಟಿಗೆ ಅದನ್ನು ಸೇರಿಸಿತು. ಆ ಪಟ್ಟಿಗೆ ಸೇರಿದ ಮೊದಲ ಬಿಎಂಸಿ ದೋಷ ಅದು.

ಇವೆಲ್ಲ ದೂರದ ಸುದ್ದಿ ಎನಿಸಿದರೆ, ಕರ್ನಾಟಕದ್ದೇ ಒಂದು ಪ್ರಕರಣವಿದೆ. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಒಂದರ ಹಿಂದೊಂದು ಕೆಲಸ ನಿಲ್ಲಿಸಿದವು. ಕೆಟ್ಟವುಗಳ ಸಂಖ್ಯೆ 60,000 ಎಂದು ಪತ್ರಿಕೆಗಳು ಬರೆದವು. ಸಂಸ್ಥೆಯ ಮುಖ್ಯಸ್ಥರು ಹೇಳಿದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಸಂಖ್ಯೆಯ ಜಗಳ ಏನೇ ಇರಲಿ, ಕಾರಣದ ಬಗ್ಗೆ ಜಗಳವಿರಲಿಲ್ಲ: ಹೊಡೆತ ಬಿದ್ದದ್ದು ಗ್ರಾಹಕರು ಮೂಲ ಗುಪ್ತಪದ ಬದಲಿಸದ ಮೋಡೆಮ್‌ಗಳಿಗೆ. ಕೂಡಲೇ ಗುಪ್ತಪದ ಬದಲಿಸಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು. ಆ ದಿನಗಳಲ್ಲಿ ಬಂದ ತಾಂತ್ರಿಕ ವರದಿಗಳು ಬೊಟ್ಟು ಮಾಡಿದ್ದು ಇನ್ನೊಂದರ ಕಡೆಗೂ. ಮೋಡೆಮ್‌ಗಳನ್ನು ಕಂಪನಿ ತನ್ನ ಕಚೇರಿಯಿಂದಲೇ ನೋಡಿಕೊಳ್ಳಲೆಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಪದ್ಧತಿಯಿದೆ, ಟಿಆರ್-069 ಎಂದು. ಅದಕ್ಕೆ ಸಾಮಾನ್ಯವಾಗಿ 7547ನೇ ಪೋರ್ಟ್ ಮೀಸಲು. ಆ ಕಿಂಡಿ ಕಂಪನಿಗೆ ಮಾತ್ರ ತೆರೆದಿರಬೇಕಾದದ್ದು ಇಡೀ ಇಂಟರ್ನೆಟ್‌ಗೆ ತೆರೆದಿತ್ತು. ‘ಬ್ರಿಕರ್‌ಬಾಟ್’ ಎಂಬ, ಉಪಕರಣವನ್ನು ಇಟ್ಟಿಗೆಯಂತೆ ನಿಷ್ಕ್ರಿಯಗೊಳಿಸುವ ಕುತಂತ್ರಾಂಶವನ್ನು ಬರೆದವನು ಇದು ತನ್ನದೇ ಕೆಲಸ ಎಂದು ಹೇಳಿಕೊಂಡ.

ಈ ಪ್ರಕರಣದ ಮೇಲೆ ಸ್ವಲ್ಪ ನಿಲ್ಲಬೇಕು. ಮೋಡೆಮ್ ಕಂಪ್ಯೂಟರ್ ಅಲ್ಲ, ಅಲ್ಲಿದ್ದದ್ದು ಎಎಂಟಿಯೂ ಅಲ್ಲ ಎಂಬುದು ಸರಿ. ಆದರೆ ಪ್ರತಿ ಕೊಂಡಿಯೂ ಅದೇ: ದೂರದ ಗ್ರಾಹಕರಿಗೆ ನೆರವಾಗಲೆಂದು ಉಪಕರಣದೊಳಗೆ ಒಂದು ದಾರಿ, ಎಲ್ಲರಿಗೂ ಒಂದೇ ಆದ ಮೂಲ ಗುಪ್ತಪದ, ಆ ದಾರಿಯಿದೆ ಎಂದೇ ತಿಳಿಯದ ಮನೆಯವರು. ತಪ್ಪು ಯಾರದು ಎಂದು ಕೇಳಿದಾಗ ಬೆರಳು ಹೋದದ್ದು ಗ್ರಾಹಕರ ಕಡೆಗೆ, ಅವರು ಗುಪ್ತಪದ ಬದಲಿಸಲಿಲ್ಲವೆಂದು. ಇದನ್ನು ನಾನು ಒಪ್ಪಲಾರೆ. ಮನೆಗೆ ಬಂದು ಮೋಡೆಮ್ ಕೂರಿಸಿ ಹೋದವರು ಹೇಳದ ಬಾಗಿಲಿಗೆ ಬೀಗ ಹಾಕಲಿಲ್ಲವೆಂದು ಮನೆಯವರನ್ನು ದೂರುವುದು ನ್ಯಾಯವಲ್ಲ. ನಾಳೆ ತಾಲ್ಲೂಕು ಕಚೇರಿಯ ಒಂದು ಯಂತ್ರ ಹೀಗೇ ಕೈತಪ್ಪಿದರೆ ಅದರ ಮುಂದೆ ಕೂತಿದ್ದ ಗುಮಾಸ್ತರ ಮೇಲೆ ಹೊಣೆ ಬೀಳುತ್ತದೆ. ಅದನ್ನು ಇಂದೇ ತಡೆಯಬೇಕು.

‘ಬೀದರಿನ ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ, ಇಲ್ಲೇನಿದೆ?’ ಎಂಬುದು ಸಹಜವಾಗಿ ಬರುವ ಆಕ್ಷೇಪ. ಮೊದಲನೆಯದಾಗಿ, ಹುಡುಕುವವರು ಊರ ಹೆಸರು ನೋಡುವುದಿಲ್ಲ. ತೆರೆದ ಕಿಂಡಿಗಾಗಿ ಅಂತರ್ಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುವ ಕೆಲಸವನ್ನು ಯಂತ್ರಗಳೇ ಮಾಡುತ್ತವೆ. 2017ರಲ್ಲಿ ಕೆಟ್ಟ ಮೋಡೆಮ್‌ಗಳ ಮಾಲೀಕರನ್ನು ಯಾರೂ ಆಯ್ದಿರಲಿಲ್ಲ. ಎರಡನೆಯದಾಗಿ, ಇಲ್ಲಿ ಇರುವುದು ಕಡಿಮೆಯೇನಲ್ಲ. ಭೂಮಿ ಯೋಜನೆ ಈ ಶತಮಾನದ ಆರಂಭದಲ್ಲೇ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅಂದಿನ 177 ತಾಲ್ಲೂಕುಗಳಲ್ಲಿ ಭಾಲ್ಕಿ, ಔರಾದ್‌ಗಳೂ ಸೇರಿದ್ದವು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ರೈತನ ಜಮೀನು, ರೈತನ ಸಾಲ, ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಆಸ್ಪತ್ರೆಯಲ್ಲಿ ರೋಗಿಯ ದಾಖಲೆ, ಇವೆಲ್ಲ ಯಾವುದೋ ಒಂದು ಡಬ್ಬಿಯ ಮೂಲಕವೇ ಹಾದುಹೋಗಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ನಡೆದಾಗ ವಾರಗಟ್ಟಲೆ ಕಾಗದದ ಚೀಟಿಗಳಿಗೆ ಮರಳಬೇಕಾಯಿತು. ಅಲ್ಲಿ ದಾಳಿ ಈ ದಾರಿಯಿಂದ ನಡೆಯಿತೆಂದು ನಾನು ಹೇಳುತ್ತಿಲ್ಲ. ಗಣಕದ ಮೇಲೆ ನಿಂತ ಆಸ್ಪತ್ರೆಯೊಂದು ಗಣಕ ಕಳೆದುಕೊಂಡರೆ ರೋಗಿಗಳಿಗೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಭೂಮಿ ಯೋಜನೆಯಲ್ಲಿ ಇನ್ನೊಂದು ಅಂಶ ನನ್ನ ವಾದಕ್ಕೆ ನೇರವಾಗಿ ಸಂಬಂಧಿಸಿದ್ದು. ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗಬೇಕು ಎಂಬ ವ್ಯವಸ್ಥೆಯನ್ನು ಅದು ಬಹು ಮುಂಚೆಯೇ ತಂದಿತು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದಕ್ಕೆ ಹೊಣೆ ಹೊರಿಸಬಲ್ಲ ಆ ವಿವೇಕ ಮೆಚ್ಚುವಂಥದ್ದು. ಆದರೆ ಬೆರಳಚ್ಚು ಕಾಯುವುದು ಮೇಲಿನ ಮಹಡಿಯನ್ನು. ಅದರ ಕೆಳಗೆ ವಿಂಡೋಸ್ ಇದೆ, ವಿಂಡೋಸಿನ ಕೆಳಗೆ ದೂರನಿರ್ವಹಣೆಯ ಪದರವಿದೆ. ಆ ಪದರದಲ್ಲಿ ಕೂತವರು ಮೇಲೆ ಕೂತ ಗುಮಾಸ್ತರ ಪರದೆಯನ್ನು ನೋಡಬಲ್ಲರು, ಅವರು ಬೆರಳಿಟ್ಟು ಒಳಹೋದ ಮೇಲೆ ಅವರ ಪರವಾಗಿ ಕೀಲಿಮಣೆ ಒತ್ತಬಲ್ಲರು. ಮೇಲಿನ ದಾಖಲೆಯಲ್ಲಿ ಉಳಿಯುವುದು ಗುಮಾಸ್ತರ ಹೆಸರು. ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಒಳ್ಳೆಯ ನಿಯಮ. ಆದರೆ ವಿಂಡೋಸಿನ ಲಾಗ್ ಮಾತ್ರ ಇಟ್ಟುಕೊಂಡರೆ, ವಿಂಡೋಸಿನ ಕೆಳಗೆ ನಡೆದದ್ದು ಅದರಲ್ಲಿ ಸಿಗುವುದಿಲ್ಲ. ‘ನಮ್ಮಲ್ಲಿ ಆಂಟಿವೈರಸ್ ಇದೆ’, ‘ಅನುಮಾನ ಬಂದರೆ ಫಾರ್ಮ್ಯಾಟ್ ಹೊಡೆದರಾಯಿತು’ ಎನ್ನುವವರಿಗೂ ಇದೇ ಉತ್ತರ. ಆಂಟಿವೈರಸ್ ಕೂತಿರುವುದು ಮೇಲೆ. ಫಾರ್ಮ್ಯಾಟ್ ಅಳಿಸುವುದು ಡಿಸ್ಕನ್ನು. ಫರ್ಮ್‌ವೇರ್ ಇರುವುದು ಮದರ್‌ಬೋರ್ಡಿನ ಬೇರೊಂದು ಚಿಪ್ಪಿನಲ್ಲಿ. ‘ನಮ್ಮದು ರಾಜ್ಯದ ಖಾಸಗಿ ಜಾಲ, ಹೊರಗಿನವರು ಬರಲಾರರು’ ಎಂಬ ಮಾತಿಗೆ ತೂಕವಿದೆ. ತೆರೆದ ಇಂಟರ್ನೆಟ್‌ಗಿಂತ ಅದು ಖಂಡಿತ ಮೇಲು. ಆದರೆ ಪ್ಲಾಟಿನಂ ಗುಂಪು ಎಎಂಟಿಯನ್ನು ಬಳಸಿದ್ದೇ ಒಳಜಾಲದೊಳಗೆ, ಒಂದು ಯಂತ್ರ ಕೈವಶವಾದ ಮೇಲೆ.

ಇನ್ನೊಂದು ದಿಕ್ಕಿನಿಂದಲೂ ಆಕ್ಷೇಪ ಬರುತ್ತದೆ. ಇವೆಲ್ಲ ಪರದೇಶದ ಸರ್ಕಾರಗಳು ಬೇಕೆಂದೇ ಇಡಿಸಿದ ಹಿಂಬಾಗಿಲು, ಸ್ವದೇಶಿ ಚಿಪ್ ಬರುವವರೆಗೆ ಮಾಡುವುದೇನೂ ಇಲ್ಲ ಎಂಬುದು ಅದು. ಈ ಅನುಮಾನಕ್ಕೆ ಇಂಬು ಕೊಡುವ ಒಂದು ಸಂಗತಿ ಇರುವುದು ನಿಜ. 2017ರ ಆಗಸ್ಟ್‌ನಲ್ಲಿ ರಷ್ಯಾದ ಪಾಸಿಟಿವ್ ಟೆಕ್ನಾಲಜೀಸ್ ಸಂಶೋಧಕರು ಮ್ಯಾನೇಜ್‌ಮೆಂಟ್ ಎಂಜಿನನ್ನು ಬಹುಪಾಲು ನಿಲ್ಲಿಸಬಲ್ಲ ಒಂದು ಗುಪ್ತ ಸ್ವಿಚ್ಚನ್ನು ಪತ್ತೆ ಮಾಡಿದರು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಒಂದು ಕಾರ್ಯಕ್ರಮಕ್ಕಾಗಿ ಅದನ್ನು ಇಟ್ಟದ್ದು. ಅಂದರೆ ತಮ್ಮ ಯಂತ್ರದಲ್ಲಿ ಇದು ಬೇಡ ಎನ್ನುವ ಅವಕಾಶ ಒಂದು ಸರ್ಕಾರಕ್ಕೆ ಸಿಕ್ಕಿತ್ತು, ಉಳಿದ ಗ್ರಾಹಕರಿಗೆ ಸಿಕ್ಕಿರಲಿಲ್ಲ. ಸಾಮಾನ್ಯರು ಆ ಫರ್ಮ್‌ವೇರನ್ನು ಪೂರ್ತಿ ಕಿತ್ತುಹಾಕಿದರೆ ಅನೇಕ ಮಾದರಿಗಳಲ್ಲಿ ಯಂತ್ರ 30 ನಿಮಿಷದಲ್ಲಿ ತಾನೇ ನಿಂತುಹೋಗುತ್ತದೆ. ಈ ಅಸಮಾನತೆ ನನಗೆ ಸಿಟ್ಟು ತರಿಸುತ್ತದೆ. ಆದರೂ ಇದನ್ನು ಬೇಹುಗಾರಿಕೆಯ ಹಿಂಬಾಗಿಲು ಎನ್ನುವುದಕ್ಕೆ ಪುರಾವೆ ಇಲ್ಲ. ಪುರಾವೆ ಇಲ್ಲದ್ದನ್ನು ಹೇಳುತ್ತ ಹೋದರೆ ಪುರಾವೆ ಇರುವ ಮಾತೂ ಬೆಲೆ ಕಳೆದುಕೊಳ್ಳುತ್ತದೆ. ಮೇಲೆ ಹೇಳಿದ ಅನಾಹುತಗಳಲ್ಲಿ ಬಹುಪಾಲು ಅಜಾಗರೂಕತೆಯ ಫಲ: ಕೆಟ್ಟದಾಗಿ ಬರೆದ ಸಾಲು, ಬದಲಿಸದ ಗುಪ್ತಪದ, ತೆರೆದಿಟ್ಟ ಕಿಂಡಿ. ಸ್ವದೇಶಿ ಸರ್ವರಿನ ಕೆಲಸ ಸಿ-ಡ್ಯಾಕ್‌ನಲ್ಲಿ ನಡೆದಿದೆ, ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ಇದೆ, ಅವು ಬೆಳೆಯಲಿ. ಆದರೆ ಸ್ವದೇಶಿ ಸರ್ವರಿಗೂ ಬಿಎಂಸಿ ಬೇಕೇ ಬೇಕು, ಅದಕ್ಕೂ ಗುಪ್ತಪದ ಇರುತ್ತದೆ, ಅದನ್ನು ಯಾರೂ ಬದಲಿಸದಿದ್ದರೆ ಫಲ ಇದೇ ಆಗುತ್ತದೆ.

ಮನೆ ಬಳಕೆಗೆ ಅಂಗಡಿಯಿಂದ ಹೊಸ ಲ್ಯಾಪ್‌ಟಾಪ್ ತಂದವರು ಇಷ್ಟು ಗಾಬರಿಯಾಗಬೇಕಿಲ್ಲ. ಮ್ಯಾನೇಜ್‌ಮೆಂಟ್ ಎಂಜಿನ್ ಅವುಗಳಲ್ಲೂ ಇದ್ದರೂ, ದೂರದಿಂದ ಹಿಡಿತ ಕೊಡುವ ಎಎಂಟಿ ಸಾಮಾನ್ಯವಾಗಿ ಇರುವುದಿಲ್ಲ. ಎಚ್ಚರ ಬೇಕಾದದ್ದು ಹಳೆಯ ಯಂತ್ರ ಕೊಳ್ಳುವವರಿಗೆ, ಮತ್ತು ಬೀದರಿನಂಥ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಹೈದರಾಬಾದ್ ಸುಮಾರು 140 ಕಿಲೋಮೀಟರ್. ಅಲ್ಲಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಯಂತ್ರಗಳು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಂಥ ಪೇಟೆಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಂಪನಿಗಳು ಬಳಸಿದವಾದ್ದರಿಂದ ವಿ-ಪ್ರೊ ಅಂಟುಚೀಟಿ ಇರುವ ಸಂಭವವೂ ಹೆಚ್ಚು. ಅಂಥದೊಂದು ಡಬ್ಬಿ ಭಾಲ್ಕಿಯ ಗಂಜಿನ ಅಡತಿ ಅಂಗಡಿಗೆ ಲೆಕ್ಕ ಬರೆಯಲು ಬಂತು ಎಂದುಕೊಳ್ಳೋಣ. ಡಿಸ್ಕ್ ಹೊಸದು, ವಿಂಡೋಸ್ ಹೊಸದು. ಹಿಂದಿನ ಕಂಪನಿ ಎಎಂಟಿ ಚಾಲೂ ಮಾಡಿಟ್ಟಿದ್ದರೆ ಅದು ಮಾತ್ರ ಹಳೆಯದೇ, ಹಳೆಯ ಗುಪ್ತಪದದೊಡನೆ. ಅಂಗಡಿಯವರು ಮಾಡಬಹುದಾದದ್ದು ಸರಳ: ಯಂತ್ರ ಶುರುವಾಗುವಾಗ ಅನೇಕ ಮಾದರಿಗಳಲ್ಲಿ ಕಂಟ್ರೋಲ್ ಜೊತೆ ‘ಪಿ’ ಒತ್ತಿದರೆ ಆ ಪದರದ ಮೆನು ತೆರೆಯುತ್ತದೆ. ಮೂಲ ಗುಪ್ತಪದದಿಂದ ತೆರೆದರೆ ಬದಲಿಸಿ, ಬೇಡವಾದರೆ ಸೌಲಭ್ಯವನ್ನೇ ನಿಲ್ಲಿಸಬೇಕು. ಗುಪ್ತಪದ ಒಪ್ಪದಿದ್ದರೆ ಅದು ಬೇರೆಯವರ ಕೈಯಲ್ಲಿದೆ ಎಂದರ್ಥ. ಮಾರಿದವರಿಗೇ ಹಿಂತಿರುಗಿಸಿ ಬಿಡಿಸಿಕೊಡಲು ಕೇಳಬೇಕು.

ಕಚೇರಿಗಳ ಮಟ್ಟದಲ್ಲಿ ಇದನ್ನು ಒಬ್ಬೊಬ್ಬರ ಜಾಣತನಕ್ಕೆ ಬಿಡಬಾರದು. ಲ್ಯಾಪ್‌ಟಾಪಿನ ಮೇಲೆ, ಸರ್ವರಿನ ಮೇಲೆ ಇರುವ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮುದ್ರೆ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು. ಅದು ಶಾಕ್ ಹೊಡೆಯದು, ಹೊತ್ತಿಕೊಳ್ಳದು ಎಂಬ ಭರವಸೆ. ಒಳಗಿನ ಕಿಂಡಿಯ ಬಗ್ಗೆ ಆ ಮುದ್ರೆ ಏನನ್ನೂ ಹೇಳುವುದಿಲ್ಲ. ಆದರೆ ಸಿಸಿಟಿವಿ ಕ್ಯಾಮೆರಾಗಳ ವಿಷಯದಲ್ಲಿ ಕೇಂದ್ರ ಸರ್ಕಾರ ಬೇರೆ ದಾರಿ ಹಿಡಿದಿದೆ. 2024ರ ಏಪ್ರಿಲ್‌ನಲ್ಲಿ ಹೊರಡಿಸಿ 2025ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಂತೆ ತಯಾರಕರು ಕ್ಯಾಮೆರಾದ ಯಂತ್ರಾಂಶ, ತಂತ್ರಾಂಶ, ಮೂಲಸಂಕೇತಗಳನ್ನು ಸರ್ಕಾರದ ಮಾನ್ಯ ಪ್ರಯೋಗಾಲಯಗಳ ಪರೀಕ್ಷೆಗೆ ಒಡ್ಡಬೇಕು. ಒಳಗೇನಿದೆ ಎಂದು ನೋಡುವುದು ಕೊಳ್ಳುವವರ ಹಕ್ಕು ಎಂಬ ತತ್ವವನ್ನು ಬೀದಿಯ ಕ್ಯಾಮೆರಾಕ್ಕೆ ಒಪ್ಪಿದ ಮೇಲೆ, ಜಮೀನಿನ ದಾಖಲೆ ತಿದ್ದುವ ಕಂಪ್ಯೂಟರಿಗೆ ಒಪ್ಪದಿರಲು ಕಾರಣವೇ ಕಾಣುವುದಿಲ್ಲ. ಖರ್ಚು ಹೆಚ್ಚುತ್ತದೆ, ಟೆಂಡರ್ ತಡವಾಗುತ್ತದೆ ಎಂಬ ಮಾತು ಬರಬಹುದು. ಮೂಲಸಂಕೇತದ ಪರೀಕ್ಷೆ ದುಬಾರಿಯೇ. ಆದರೆ ಟೆಂಡರಿನಲ್ಲಿ ಮೂರು ಪ್ರಶ್ನೆ ಸೇರಿಸುವುದಕ್ಕೆ ಖರ್ಚಿಲ್ಲ: ಈ ಯಂತ್ರದಲ್ಲಿ ದೂರನಿರ್ವಹಣೆ ಇದೆಯೇ, ಅದನ್ನು ನಿಲ್ಲಿಸಲು ಬರುತ್ತದೆಯೇ, ಫರ್ಮ್‌ವೇರಿನ ತಿದ್ದುಪಡಿ ಎಷ್ಟು ವರ್ಷ ಕೊಡುತ್ತೀರಿ. ಬೇಕಿರುವ ಕಡೆ ಸೌಲಭ್ಯ ಇರಲಿ, ಆದರೆ ಅದರ ಕೇಬಲ್ ಉಳಿದ ಜಾಲದಿಂದ ಬೇರೆ ಇರಲಿ.

ಈಗಾಗಲೇ ಮೇಜಿನ ಮೇಲಿರುವ ಯಂತ್ರಗಳ ಎಣಿಕೆ ಮೊದಲು ಆಗಬೇಕು. ಬೀದರಿನ ನೌಬಾದಿನ ನೆಲದಡಿ ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಎನ್ನುವ ನೀರಿನ ಕಾಲುವೆ. ನಡುನಡುವೆ ಮೇಲಕ್ಕೆ ತೆರೆದ ಬಾವಿಯಂಥ ಬಾಯಿಗಳಿದ್ದವು. ಕಟ್ಟಿದವರ ಕಾಲ ಮುಗಿದ ಮೇಲೆ ಊರು ಅದನ್ನು ಮರೆಯಿತು. ಹಲವು ಬಾಯಿಗಳು ಮಣ್ಣು, ಕಸ ತುಂಬಿ ಮುಚ್ಚಿಹೋದವು. ಮತ್ತೆ ಅದರತ್ತ ಗಮನ ಹರಿದಾಗ ಸಂಶೋಧಕರು ಮೊದಲು ಮಾಡಬೇಕಾಗಿ ಬಂದದ್ದು ಆ ಬಾಯಿಗಳು ಎಲ್ಲೆಲ್ಲಿವೆ ಎಂದು ನೆಲ ಸುತ್ತಿ ಗುರುತು ಹಾಕುವ ಕೆಲಸ. ಗಣಕದ ನೆಲದಡಿಯ ಕಾಲುವೆಗೂ ಅದೇ ಆಗಬೇಕು, ಮತ್ತು ಅದಕ್ಕೆ ಬೆಂಗಳೂರಿನಿಂದ ಯಾರೂ ಬರಬೇಕಿಲ್ಲ. ಬೀದರಿನಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಇದೆ, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯ ಇದೆ. ಎಎಂಟಿ ಬಳಸುವ 16992ನೇ ಪೋರ್ಟ್ ಯಾವ ಯಂತ್ರದಲ್ಲಿ ಉತ್ತರಿಸುತ್ತದೆ ಎಂದು, ಅನುಮತಿ ಪಡೆದು, ಲಿಖಿತ ಒಪ್ಪಂದದಡಿ ನೋಡಿ ಪಟ್ಟಿ ಮಾಡುವುದು ಅಂತಿಮ ವರ್ಷದ ವಿದ್ಯಾರ್ಥಿಗಳ ಕೈಲಾಗುವ ಕೆಲಸ.

ಪಟ್ಟಿ ಸಿಕ್ಕ ಮೇಲೆ ಉಳಿಯುವುದು ಕೀಲಿಯ ಪ್ರಶ್ನೆ. ಇದಕ್ಕೆ ಸರ್ಕಾರಿ ಕಚೇರಿಗಳಿಗೆ ಹೊಸ ಶಾಸ್ತ್ರವೇನೂ ಬೇಡ, ಅವರಲ್ಲಿ ಹಳೆಯ ಶಾಸ್ತ್ರವೇ ಇದೆ. ಖಜಾನೆಯ ಭದ್ರಕೊಠಡಿಗೆ ಎರಡು ಬೀಗ, ಎರಡು ಕೀಲಿ, ಇಬ್ಬರು ಅಧಿಕಾರಿಗಳ ಕೈಯಲ್ಲಿ, ಒಬ್ಬರಿಂದ ತೆರೆಯಲಾಗದು. ನಗದು ಪೆಟ್ಟಿಗೆಯ ನಕಲು ಕೀಲಿ ಮೊಹರು ಹಾಕಿದ ಲಕೋಟೆಯಲ್ಲಿ ಬೇರೆ ಕಡೆ ಇರುತ್ತದೆ, ಅದಕ್ಕೊಂದು ರಿಜಿಸ್ಟರ್ ಇರುತ್ತದೆ. ಅಧಿಕಾರಿ ವರ್ಗವಾಗಿ ಚಾರ್ಜ್ ಕೊಡುವಾಗ ಕೀಲಿಗಳನ್ನು ಎಣಿಸಿ, ಬರೆದು, ಇಬ್ಬರೂ ಸಹಿ ಹಾಕುತ್ತಾರೆ. ಔರಾದಿನ ಕಚೇರಿಯಲ್ಲಿ ಮುಂದಿನ ಸಲ ಚಾರ್ಜ್ ಬದಲಾದಾಗ ಆ ಪಟ್ಟಿಯಲ್ಲಿ ಬೀರು, ನಗದು ಪೆಟ್ಟಿಗೆ, ದಾಖಲೆ ಕೊಠಡಿಗಳ ಕೆಳಗೆ ಇನ್ನೊಂದು ಸಾಲು ಇರಬೇಕು: ಕಂಪ್ಯೂಟರುಗಳ ದೂರನಿರ್ವಹಣೆಯ ಗುಪ್ತಪದ, ಮೊಹರು ಹಾಕಿದ ಲಕೋಟೆ ಒಂದು, ಕೊನೆಯ ಸಲ ಬದಲಿಸಿದ ದಿನಾಂಕ ಇಂಥದ್ದು.